ಎಡಗೈಯ ಗೀರುಗಳು

ಬೈಂಡಿಂಗ್ ವಿಭಾಗ, ಊಟದ ಬಿಡುವು
ಮಂಗಳವಾರ, ಹನ್ನೊಂದನೇ ತಾರೀಖು

ಅಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿದ್ದೀಯೆಂದು ದೊಡ್ಡಮ್ಮ ಹೇಳಿದರು. ವಿಳಾಸ ಕೊಟ್ಟವರೂ ಅವರೇ. ಹದಿಮೂರು ವರ್ಷಗಳಲ್ಲಿ ಒಂದು ಸಾಲೂ ಬರೆಯದವಳು ಇದಕ್ಕಿಂತ ಹೆಚ್ಚು ಕುಶಲ ವಿಚಾರಿಸಿದರೆ ಅದು ನಾಟಕವಾಗುತ್ತದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಗಿಟಾರು ಇದೆ. ಅದು ಮಾರಾಟವಾಗಿ ಹೋಯಿತು ಎಂದು ನಿನಗೆ ಆಗ ತಲುಪಿದ್ದ ಸುದ್ದಿ ನಿಜವಲ್ಲ. ಇಷ್ಟು ವರ್ಷವೂ ಅದು ಅಪ್ಪನ ಮಂಚದ ಕೆಳಗೆ, ಅದೇ ಕಪ್ಪು ಪೆಟ್ಟಿಗೆಯಲ್ಲಿ ಇತ್ತು. ಐದು ತಿಂಗಳ ಹಿಂದೆ ಅಪ್ಪ ತೀರಿಹೋದ ಮೇಲೆ ನನ್ನ ಪಾಲಿಗೆ ಬಂತು. ಈ ಶನಿವಾರದೊಳಗೆ ಅದನ್ನು ಮಾರಿ, ಬಂದ ಹಣವನ್ನು ನಮ್ಮ ಕಾರ್ಮಿಕ ಸಂಘಕ್ಕೆ ಕೊಡುತ್ತೇನೆಂದು ನಲವತ್ತು ಜನರ ಮುಂದೆ ಮಾತು ಕೊಟ್ಟಿದ್ದೇನೆ. ಅದನ್ನು ಮಾರುವ ಹಕ್ಕು ನನಗಿಲ್ಲ ಎಂದು ಕಳೆದ ವಾರ ಗೊತ್ತಾಯಿತು. ಹಕ್ಕು ಇರುವುದು ನಿನಗೆ. ಹೇಗೆ ಗೊತ್ತಾಯಿತು ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಓದಿದ ಮೇಲೆ ಮಾರಬಹುದೋ ಬೇಡವೋ ಹೇಳು. ನನಗೆ ಬೇಕಿರುವುದು ಅಷ್ಟೇ.

ನನ್ನ ವಿಚಾರ ನಿನಗೆ ಗೊತ್ತಿರುವುದು ಹತ್ತು ವರ್ಷದವರೆಗೆ ಮಾತ್ರ. ಈಗ ಇಪ್ಪತ್ಮೂರು. ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಕೆಲಸ. ಅಚ್ಚಾದ ದೊಡ್ಡ ಹಾಳೆಗಳನ್ನು ಮಡಿಸುವುದು, ಹೊಲಿಯುವುದು, ಬೆನ್ನಿಗೆ ಸರೇಸು ಬಳಿದು ರಟ್ಟು ಕೂರಿಸುವುದು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಮಡಿಸಿದ್ದನ್ನೆಲ್ಲ ಓದಿದ್ದೇನೆ. ಔಷಧಿ ಡಬ್ಬಿಯೊಳಗಿನ ಸೂಚನೆಯಿಂದ ಹಿಡಿದು ದುಡಿಮೆಯ ಬಗ್ಗೆ, ಕೂಲಿಯ ಬಗ್ಗೆ, ಹೆಂಗಸರ ಬಗ್ಗೆ ಬಂದ ಹದಿನಾರು ಪುಟದ ಕಿರುಹೊತ್ತಿಗೆಗಳವರೆಗೆ. ಅಚ್ಚು ತಪ್ಪಾಗಿ ಎಸೆದ ಪ್ರತಿಗಳೇ ನನ್ನ ಪುಸ್ತಕದ ಕಪಾಟು. ಕೆಲವುಗಳಲ್ಲಿ ಐದನೇ ಪುಟದ ನಂತರ ಹನ್ನೆರಡನೇ ಪುಟ ಬರುತ್ತದೆ. ನಡುವಿನದನ್ನು ನಾನೇ ಯೋಚಿಸಿ ತುಂಬಿಕೊಂಡಿದ್ದೇನೆ.

ನಮ್ಮ ಸಂಘದ ಕರಪತ್ರಗಳನ್ನು ಈಚೆಗೆ ಯಾವ ಮುದ್ರಣಾಲಯವೂ ಅಚ್ಚು ಹಾಕಿಕೊಡುತ್ತಿಲ್ಲ. ಹಿಂದಿನ ಮೂರನ್ನೂ ತಿರುಗಿಸಿ ಕಳಿಸಿದರು. ಒಬ್ಬರು ಕಾಗದವಿಲ್ಲ ಅಂದರು, ಒಬ್ಬರು ಶಾಯಿಯಿಲ್ಲ ಅಂದರು, ಇನ್ನೊಬ್ಬರು ನಿಜ ಹೇಳಿದರು. ನಮ್ಮ ಮಾಲೀಕರು ಗೋದಾಮಿನಲ್ಲಿ ಬಿದ್ದಿರುವ ಹಳೆಯ ಟ್ರೆಡಲ್ ಯಂತ್ರವನ್ನು ತೆಗೆದುಹಾಕುತ್ತಿದ್ದಾರೆ. ಕಾಲಿನಿಂದ ತುಳಿದು ಒಂದೊಂದೇ ಹಾಳೆ ಅಚ್ಚು ಹಾಕುವಂಥದ್ದು. ಶನಿವಾರದೊಳಗೆ ಯಾರಾದರೂ ಕೊಂಡರೆ ಸರಿ, ಇಲ್ಲದಿದ್ದರೆ ಭಾನುವಾರ ಗುಜರಿಯವರ ಗಾಡಿ ಬರುತ್ತದೆ. ಅದೊಂದು ಕೈಗೆ ಬಂದರೆ ನಾವು ಯಾರ ಬಾಗಿಲನ್ನೂ ತಟ್ಟಬೇಕಿಲ್ಲ.

ಸೈಕಲ್ ಅಂಗಡಿಯ ಮೇಲಿನ ನಮ್ಮ ವಾಚನಾಲಯದಲ್ಲಿ ಇದರ ಬಗ್ಗೆ ಸಭೆ ನಡೆದಾಗ ನಾನು ಎದ್ದು ನಿಂತು ಗಿಟಾರು ಕೊಡುತ್ತೇನೆಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಉತ್ತರಾಧಿಕಾರ ಎಂದರೆ ಸತ್ತವರ ಕೈ ಬದುಕಿರುವವರ ಜೇಬಿನಲ್ಲಿ ಉಳಿಯುವುದು, ಆ ಕೈಯನ್ನು ನಾನು ಹೊರಗೆ ತೆಗೆಯುತ್ತಿದ್ದೇನೆ ಎಂದೂ ಸೇರಿಸಿದೆ. ಚಪ್ಪಾಳೆ ಬಿತ್ತು. ನನಗೆ ಹಿಡಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಚಪ್ಪಾಳೆ ತಟ್ಟದವರು ಒಬ್ಬರೇ, ನಮ್ಮ ಅಧ್ಯಕ್ಷರು. ನಲವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವರು, ಅದಕ್ಕೇ ಎಲ್ಲರೂ ಮೊಳೆಯಣ್ಣ ಅನ್ನುತ್ತಾರೆ. "ಕೈ ತೆಗೆಯೋದೇನೋ ಸರಿಯಮ್ಮ, ಆ ಕೈಯಲ್ಲಿ ಎಷ್ಟಿದೆ ಅಂತ ಮೊದಲು ನೋಡ್ಕೊಂಡು ಬಾ" ಅಂದರು. ಹೀಗೆ ಬೆಲೆ ಕಟ್ಟಿಸುವ ಕೆಲಸ ಶುರುವಾಯಿತು.

ಮೊದಲು ಹೋದದ್ದು ಹಳೆಯ ವಾದ್ಯಗಳನ್ನು ಕೊಂಡು ಮಾರುವ ಅಂಗಡಿಗೆ. ಅಂಗಡಿಯವನು ಪೆಟ್ಟಿಗೆ ತೆರೆದು, ಒಂದು ತಂತಿ ಮೀಟಿ, ಮುಚ್ಚಿದ. ಗಿಟಾರಿನ ತಲೆಯ ಮೇಲೆ ಹೆಸರಿಲ್ಲ, ಒಳಗೆ ಚೀಟಿಯಿಲ್ಲ, ಮುಖದ ಮೇಲೆ ಚುನಾವಣೆ ಗೋಡೆಯ ಹಾಗೆ ಕಾಗದ ಅಂಟಿಸಿದೆ, ಇದಕ್ಕೆ ಸೌದೆಯ ಬೆಲೆ ಅಂತ ಹೇಳಿ ನನ್ನ ಒಂದು ವಾರದ ಕೂಲಿಯಷ್ಟು ಕೊಡಲು ಬಂದ. ನಾನು ಪೆಟ್ಟಿಗೆ ಎತ್ತಿಕೊಂಡೆ. ಮೆಟ್ಟಿಲಿಳಿಯುವಷ್ಟರಲ್ಲಿ ಎರಡು ವಾರದ ಕೂಲಿಯಾಯಿತು. ರಸ್ತೆ ದಾಟುವಷ್ಟರಲ್ಲಿ ಮೂರು. ಸೌದೆಯ ಹಿಂದೆ ಯಾರೂ ಅಷ್ಟು ದೂರ ಓಡಿ ಬರುವುದಿಲ್ಲ ಎಂದು ಅಲ್ಲೇ ತಿಳಿಯಿತು.

ಮುಖದ ಮೇಲಿನ ಕಾಗದದ ವಿಚಾರ ಹೇಳಬೇಕು. ಅದನ್ನು ಅಂಟಿಸಿದವಳು ನಾನು, ಹದಿನೇಳನೇ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ. ಅಪ್ಪ ಕಾರ್ಖಾನೆಯ ಗೇಟಿನ ಸಭೆಗಳಲ್ಲಿ ಅದನ್ನು ನುಡಿಸುತ್ತಿದ್ದ. 'ಮಾಡಿದವರದೇ ಮಾಲು' ಎಂದು ಕೆಂಪು ಶಾಯಿಯಲ್ಲಿ ಅಚ್ಚಾದ ಪಟ್ಟಿಯೊಂದನ್ನು ಬೈಂಡಿಂಗಿನ ಸರೇಸು ಬಳಿದು ನಾನೇ ಕೂರಿಸಿದೆ. ಪುಸ್ತಕದ ಬೆನ್ನು ನೂರು ವರ್ಷ ಹಿಡಿದಿಡುವ ಸರೇಸು ಅದು. ವಾದ್ಯದ ಮೇಲೆ ಅದನ್ನು ಹಾಕಬಾರದು ಎಂದು ಯಾವ ಕಿರುಹೊತ್ತಿಗೆಯಲ್ಲೂ ಬರೆದಿರಲಿಲ್ಲ.

ಆಮೇಲೆ ಯಾರೋ ಹೇಳಿದ್ದರಿಂದ ವಾದ್ಯ ರಿಪೇರಿ ಮಾಡುವವರೊಬ್ಬರ ಬಳಿ ಹೋದೆ. ಹಲ್ಲಿನ ಡಾಕ್ಟರ ದವಾಖಾನೆಯ ಮೇಲಿನ ಮಹಡಿಯಲ್ಲಿ ಒಂದೇ ಕೋಣೆ. ಗೋಡೆಯ ತುಂಬ ಕತ್ತು ಮುರಿದ, ಹೊಟ್ಟೆ ಬಿರಿದ ವಾದ್ಯಗಳು. ಕೆಳಗಿನಿಂದ ಆಗಾಗ ಹಲ್ಲು ಕೊರೆಯುವ ಸದ್ದು. ಅದು ಬಂದಾಗೆಲ್ಲ ಅವರು ಉಳಿ ನಿಲ್ಲಿಸಿ ಕಾಯುತ್ತಾರೆ. ಡಾಕ್ಟರ ಮಗಳ ಪಿಟೀಲು ಸರಿಮಾಡಿದ್ದಕ್ಕೆ ಸಿಕ್ಕಿದ್ದಂತೆ, ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದು ಅವರ ಬಳಿ ಇದೆ. ಅದನ್ನೂ ಒಂದು ಸಣ್ಣ ಟಾರ್ಚನ್ನೂ ಗಿಟಾರಿನ ಹೊಟ್ಟೆಯೊಳಗೆ ಬಿಟ್ಟು ಅವರು ಮುಕ್ಕಾಲು ಗಂಟೆ ನೋಡಿದರು. ಕೆಲಸ ಗೊತ್ತಿರುವವರು ಕೆಲಸ ಮಾಡುವಾಗ ನನಗೆ ಎಲ್ಲಿಲ್ಲದ ಗೌರವ ಬರುತ್ತದೆ.

ಅವರು ಹೇಗೆ ಗುರುತು ಹಿಡಿದರು ಎಂಬುದನ್ನು ನೋಡಿದ ಹಾಗೇ ಬರೆಯುತ್ತೇನೆ. ಸದ್ದು ಹೊರಬರುವ ದುಂಡು ರಂಧ್ರದ ಅಂಚನ್ನು ಮೊದಲು ನೋಡಿದರು. ಮೇಲಿನ ಮರದ ಗೆರೆಗಳು ಆ ಅಂಚಿನಲ್ಲಿ ಕೆಳಗಿನವರೆಗೂ ಹಾಗೇ ಇಳಿದಿದ್ದವು. ಪದರ ಅಂಟಿಸಿದ ಹಲಗೆಯಲ್ಲ, ಒಂದೇ ಮರ. ಹಿಂಬದಿಯ ಬೀಟೆಯ ಮೇಲೆ ಹೊರಗೆ ಎಲ್ಲಿ ಕಪ್ಪು ಎಳೆ ಇದೆಯೋ ಒಳಗೂ ಅಲ್ಲೇ ಇತ್ತು. ಚೀಟಿ ಹೋಗಿದ್ದರೂ ಅದರ ನಾಲ್ಕು ಮೂಲೆಯ ಅಂಟಿನ ಕಲೆ ಉಳಿದಿತ್ತು. ಕತ್ತು ದೇಹಕ್ಕೆ ಸೇರುವ ಕಡೆ, ಒಳಗಿನ ಮರದ ತುಂಡಿನ ಮೇಲೆ ಐದಂಕಿಯ ನಂಬರು ಒತ್ತಿದ್ದರು. ಹಾಳೆ ಹರಿದ ನೋಟುಪುಸ್ತಕವೊಂದರಲ್ಲಿ ಆ ನಂಬರನ್ನು ಹುಡುಕಿ, ಇದು ಸುಮಾರು ಎಪ್ಪತ್ತು ವರ್ಷದ ಹಿಂದಿನದು, ಏಳೆಂಟು ಜನರಷ್ಟೇ ಇದ್ದ ಸಣ್ಣ ಕಾರ್ಖಾನೆಯ ಕೆಲಸ, ಅದು ಮುಚ್ಚಿಹೋಗಿ ಬಹಳ ಕಾಲವಾಯಿತು ಎಂದರು. ಕಾರ್ಖಾನೆಯ ಹೆಸರನ್ನೂ ಹೇಳಿದರು. ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಮಾಲೀಕನ ಹೆಸರು. ಕೆಲಸ ಮಾಡಿದ ಏಳೆಂಟು ಜನರ ಹೆಸರು ಗೊತ್ತಾದರೆ ಬರೆಯುತ್ತೇನೆ.

ಅಲ್ಲಿಯವರೆಗೆ ಎಲ್ಲವೂ ನಾನಂದುಕೊಂಡಂತೆ ನಡೆಯಿತು. ಆಮೇಲೆ ಅವರು ಎರಡನೇ ಸಲ ಕನ್ನಡಿ ಬಿಟ್ಟರು. ಮೇಲಿನ ಹಲಗೆಗೆ ಬಲ ಕೊಡಲು ಒಳಗೆ ಸಣ್ಣ ಪಟ್ಟಿಗಳನ್ನು ಓರೆಯಾಗಿ ಕೂರಿಸಿರುತ್ತಾರೆ. ಅವು ತಿರುಗುಮುರುಗಾಗಿವೆ ಎಂದರು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಓರೆಯೂ ತಿರುಗುಮುರುಗು. ತಲೆಯ ಬುಡದಲ್ಲಿ ತಂತಿಗಳು ಕೂರುವ ಮೂಳೆಯ ಪಟ್ಟಿಯ ಸೀಳುಗಳನ್ನು ಯಾರೋ ಮೇಣದಂಥದ್ದರಿಂದ ತುಂಬಿ, ಅರದಿಂದ ಹೊಸದಾಗಿ ಕೊರೆದಿದ್ದರು. ದಪ್ಪ ತಂತಿಯ ಜಾಗದಲ್ಲಿ ತೆಳುವಿನದು, ತೆಳುವಿನದರ ಜಾಗದಲ್ಲಿ ದಪ್ಪದ್ದು. ಅರದ ಕೆಲಸ ನೋಡಿ, ಇದು ವಾದ್ಯದವರ ಕೈಯಲ್ಲ, ಕಬ್ಬಿಣದವರ ಕೈ ಎಂದರು. ಅಪ್ಪ ಕಬ್ಬಿಣ ಕಡೆಯುವ ಲೇತ್ ಕೆಲಸದವನು ಎಂದು ನಾನು ಹೇಳಿರಲಿಲ್ಲ.

"ನಿಮ್ಮಪ್ಪ ಎಡಚರಾ?" ಅಂತ ಕೇಳಿದರು.

ಅಲ್ಲ ಎಂದೆ.

"ಹಾಗಾದ್ರೆ ಇದು ನಿಮ್ಮಪ್ಪಂದಲ್ಲ."

ನಾನು ಬುದ್ಧಿ ಬಂದಾಗಿನಿಂದ ನೋಡಿದ್ದೇನೆ, ಅವನೇ ನುಡಿಸುತ್ತಿದ್ದ ಎಂದೆ. ಅವರು ಟಾರ್ಚು ಆರಿಸುತ್ತ, "ನುಡಿಸಿರ್ಬಹುದಮ್ಮ. ನಾನೂ ನಮ್ಮ ಬಾಮೈದನ ಸ್ಕೂಟರ್ ಓಡಿಸ್ತೀನಿ" ಅಂದರು.

ಕಾಗದ ಬಿಡಿಸಲು ಅನುಮತಿ ಕೇಳಿದರು. ಕೊಟ್ಟೆ. ಉಗುರು ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಮೇಲಿಟ್ಟು ಒತ್ತಿ, ಕಾದು, ಮತ್ತೆ ಒತ್ತಿ ಬಿಡಿಸಿದರು. ಒಂದು ಗಂಟೆ ಹಿಡಿಯಿತು. ನಾನು ಬೈಂಡಿಂಗಿನಲ್ಲಿ ಹಳೆಯ ರಟ್ಟು ಬಿಡಿಸುವ ರೀತಿಯೇ, ಇನ್ನೂ ನಾಜೂಕು. 'ಮಾಡಿದವರದೇ' ಮೊದಲು ಬಂತು, 'ಮಾಲು' ಸ್ವಲ್ಪ ಹರಿಯಿತು. ಕೆಳಗೆ ಗೀರುಗಳಿದ್ದವು. ರಂಧ್ರದ ಮೇಲ್ಭಾಗದಲ್ಲಿ, ಅಂದರೆ ಬಲಗೈಯವರು ಹಿಡಿದಾಗ ಮುಖದ ಕಡೆ ಬರುವ ಭಾಗದಲ್ಲಿ, ಮೆರುಗು ಸವೆದು ಮರ ಕಾಣುವಷ್ಟು ಗೀರುಗಳು. ಬಲಗೈಯವರ ಉಗುರು ಅಲ್ಲಿಗೆ ಮುಟ್ಟುವುದಿಲ್ಲ. ಗಿಟಾರನ್ನು ಕತ್ತು ಬಲಗಡೆ ಬರುವ ಹಾಗೆ ತಿರುಗಿಸಿ ಹಿಡಿದರೆ, ಎಡಗೈ ಬೀಸಿ ನುಡಿಸುವವರ ಬೆರಳು ನೇರವಾಗಿ ಅಲ್ಲಿಗೇ ಬೀಳುತ್ತದೆ. ಅಪ್ಪನ ಗೀರುಗಳು ರಂಧ್ರದ ಕೆಳಗೆ ಬೇರೆಯಾಗಿ ಇದ್ದವು. ಎಣಿಸಬಹುದಾದಷ್ಟು.

ಇಷ್ಟೆಲ್ಲ ಜಾಗವಿರುವಾಗ ಇಲ್ಲೇ ಯಾಕೆ ಅಂಟಿಸಿದೆ ಎಂದು ಅವರು ಕೇಳಿದರು. ಅಲ್ಲಿ ಖಾಲಿಯಿತ್ತು ಎಂದೆ. ಖಾಲಿಯಿರಲಿಲ್ಲ ಎಂಬುದು ಇಬ್ಬರಿಗೂ ಕಾಣುತ್ತಲೇ ಇತ್ತು.

ಇನ್ನೊಂದು ವಿಷಯವನ್ನೂ ಅವರು ಹೇಳಿದರು. ಕುದುರೆಯ ಓರೆ ಎಡಗೈಗೆ ಅಳತೆ ಮಾಡಿದ್ದಾದ್ದರಿಂದ ತಂತಿ ಅದಲು ಬದಲು ಮಾಡಿದರೆ ಶ್ರುತಿ ಎಂದೂ ಕೂರುವುದಿಲ್ಲವಂತೆ. ಕತ್ತಿನ ಮೇಲೆ ಬೆರಳು ಮೇಲಕ್ಕೆ ಹೋದಷ್ಟೂ ಸ್ವರ ಜಾರುತ್ತದೆ. ಕಾರ್ಡ್ ಎನ್ನುವ ಬೆರಳ ಹಿಡಿತಗಳಲ್ಲಿ ಅಪ್ಪನಿಗೆ ಬರುತ್ತಿದ್ದದ್ದು ಮೂರು. ನಾಲ್ಕನೆಯದು ಬೇಕಾದರೆ ಹಾಡನ್ನೇ ಬದಲಿಸುತ್ತಿದ್ದ. ಪ್ರತಿ ಸಭೆಗೂ ಮೊದಲು ಅರ್ಧ ಗಂಟೆ ಕಿವಿ ಹಚ್ಚಿ ತಂತಿ ಬಿಗಿಸುವ ಬಿರಟೆ ತಿರುಗಿಸುತ್ತಿದ್ದ. ತನ್ನ ಕಿವಿಯೇ ಸರಿಯಿಲ್ಲ ಎಂದುಕೊಂಡಿದ್ದ. ಲೇತ್ ಸದ್ದಿನಲ್ಲಿ ಹೋಯಿತು ಎನ್ನುತ್ತಿದ್ದ.

ಬೆಲೆಯ ವಿಚಾರ. ಅದನ್ನು ಕೇಳುವಾಗ ನಾನು ಮೊದಲು ಒಂದು ಗಿಟಾರು ಮಾಡಲು ಎಷ್ಟು ಗಂಟೆ ಹಿಡಿಯುತ್ತದೆ ಎಂದು ಕೇಳಿದೆ. ಕೈಯಲ್ಲೇ ಮಾಡಿದರೆ ನೂರೈವತ್ತು ಗಂಟೆ ಅಂದರು. ಹಾಗಾದರೆ ಅದರ ಬೆಲೆ ನೂರೈವತ್ತು ಗಂಟೆಯ ಕೂಲಿ ಮತ್ತು ಮರದ ಬೆಲೆ, ಉಳಿದದ್ದೆಲ್ಲ ವ್ಯಾಪಾರಿಗಳ ಮೋಸ ಎಂದು ವಾದಿಸಿದೆ. ಅವರು ಉಳಿಯ ಬಾಯಿಯನ್ನು ಹೆಬ್ಬೆರಳಲ್ಲಿ ನೋಡಿಕೊಳ್ಳುತ್ತ, "ಶ್ರಮ ಲೆಕ್ಕ ಹಾಕೋದಾದ್ರೆ ನಿಮ್ಮಪ್ಪ ಇದನ್ನ ಕೆಡಿಸೋಕೆ ಪಟ್ಟಿದ್ದನ್ನೂ ಸೇರಿಸ್ಬೇಕಾಗತ್ತಲ್ಲಮ್ಮ" ಅಂದರು. ಕೆಳಗೆ ಹಲ್ಲು ಕೊರೆಯುವ ಸದ್ದು ಶುರುವಾಯಿತು. ಅದು ನಿಂತ ಮೇಲೆ ಅವರು ಬೆಲೆ ಹೇಳಿದರು.

ಇದ್ದ ಹಾಗೇ ಮಾರಿದರೆ ನನ್ನ ಹತ್ತು ತಿಂಗಳ ಸಂಬಳ. ಮೂಳೆಯ ಪಟ್ಟಿ ಬದಲಿಸಿ, ಎಡಗೈಗೆ ಮರಳಿಸಿದರೆ ಹದಿನೆಂಟು ತಿಂಗಳದ್ದು. ಎಡಗೈಗೆಂದೇ ಹೇಳಿ ಮಾಡಿಸಿದ ಗಿಟಾರು ಆ ಕಾಲದಲ್ಲಿ ನೂರಕ್ಕೊಂದೂ ಇರಲಿಲ್ಲವಂತೆ. ಕೊಳ್ಳುವವರು ಕಡಿಮೆ, ಆದರೆ ಬೇಕಾದವರಿಗೆ ಬೇಕೇ ಬೇಕು. ಅಂಥವರೊಬ್ಬರು ಅವರಿಗೆ ಗೊತ್ತು. ಟ್ರೆಡಲ್ ಯಂತ್ರಕ್ಕೆ ಬೇಕಿರುವುದು ನನ್ನ ನಾಲ್ಕು ತಿಂಗಳ ಸಂಬಳ ಮಾತ್ರ. ಉಳಿದದ್ದರಲ್ಲಿ ಕಾಗದ, ಶಾಯಿ, ಅಚ್ಚುಮೊಳೆ ಎಲ್ಲವೂ ಬರುತ್ತದೆ. ಈ ಅಂಕಿಗಳನ್ನು ನಿನ್ನ ಮೇಲೆ ಒತ್ತಡ ಹಾಕಲು ಬರೆಯುತ್ತಿಲ್ಲ. ನಿರ್ಧಾರ ಮಾಡುವವರಿಗೆ ಅಂಕಿ ಗೊತ್ತಿರಬೇಕು, ಅದಕ್ಕೆ.

ಅಲ್ಲಿಂದ ನೇರವಾಗಿ ದೊಡ್ಡಮ್ಮನ ಮನೆಗೆ ಹೋದೆ. ಅಪ್ಪ ಹೋದಾಗ ಬಂದು ಹೋದ ಮೇಲೆ ಅವರನ್ನು ನೋಡಿರಲಿಲ್ಲ. ಪೆಟ್ಟಿಗೆಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಒಳಗೆ ಕರೆದು, ಗಿಟಾರಿನ ಹಿಂಬದಿಯನ್ನು ಸೆರಗಿನಿಂದ ಒರೆಸಿ, "ನಿಮ್ಮಜ್ಜಂದು ಕಣೇ ಇದು. ಅವರೂ ಎಡಚರೇ. ನಮ್ಮಿಬ್ಬರಲ್ಲಿ ನಿಮ್ಮಮ್ಮ ಎಡಚಿ ಅಂತ ಅವಳಿಗೆ ಕೊಟ್ರು. ನಾನು ಬಲಗೈಯವಳಾಗಿದ್ದಕ್ಕೆ ಒಂದು ವಾರ ಊಟ ಬಿಟ್ಟಿದ್ದೆ" ಅಂದರು. ನೀನು ಹೋಟೆಲಿನ ವಾದ್ಯಗೋಷ್ಠಿಯಲ್ಲಿ ಇದನ್ನೇ ನುಡಿಸುತ್ತಿದ್ದೆ, ಹೊಲಿಗೆಯ ಕೆಲಸ ಆಮೇಲೆ ಹಿಡಿದದ್ದು ಎಂಬುದನ್ನೂ ಅವರೇ ಹೇಳಿದರು. ನೀನು ನುಡಿಸಿದ್ದು ನನಗೆ ನೆನಪಿಲ್ಲ. ಎಡಗೈಯಲ್ಲಿ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದದ್ದು ಮಾತ್ರ ನೆನಪಿದೆ.

ದೊಡ್ಡಮ್ಮ ಇನ್ನೂ ಒಂದು ಮಾತು ಹೇಳಿದರು. ನೀನು ಮನೆ ಬಿಟ್ಟ ಮೂರು ವಾರದ ಮೇಲೆ ಗಿಟಾರು ಕೇಳಲು ಬಂದಿದ್ದೆಯಂತೆ. ಅಪ್ಪ ಮಾರಿಬಿಟ್ಟಿದ್ದಾನೆ ಎಂದು ತಿಳಿದು ಬರಿಗೈಲಿ ವಾಪಸ್ಸು ಹೋದೆಯಂತೆ. "ಅವತ್ತಿಂದ ನಿಮ್ಮಪ್ಪನ ಹೆಸರು ಅವಳ ಬಾಯಲ್ಲಿ ಬಂದಿಲ್ಲ. ಜಗಳ ಆಡಿ ಹೋದವಳು ನಾಳೆ ಸರಿಹೋಗ್ತಾಳೆ ಅಂತ ನಾನು ಕಾಯ್ತಿದ್ದೆ. ಅವತ್ತು ನನ್ನ ಆಸೆಯೂ ಹೋಯ್ತು" ಎಂದರು. ಅವರು ಕೊಟ್ಟ ಚಹಾ ಕುಡಿದು, ನಿನ್ನ ವಿಳಾಸ ಬರೆದುಕೊಂಡು ಬಂದೆ.

ಅಪ್ಪನ ಬಗ್ಗೆ ನನ್ನ ಅಭಿಪ್ರಾಯವನ್ನೂ ಬರೆದುಬಿಡುತ್ತೇನೆ. ಅವನು ಒಳ್ಳೆಯ ಕಾರ್ಮಿಕ, ಹೋರಾಟದಲ್ಲಿ ಒಳ್ಳೆಯ ಸಂಗಾತಿ. ಮೂವತ್ತೊಂದು ದಿನದ ಮುಷ್ಕರದಲ್ಲಿ ಒಂದು ದಿನವೂ ಹಿಂದೆ ಸರಿಯಲಿಲ್ಲ. ಗಿಟಾರು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ 'ಕೊಟ್ಟಿದ್ದು' ಎಂದಷ್ಟೇ ಹೇಳುತ್ತಿದ್ದ. ಕೊಟ್ಟವರು ಯಾರು ಎಂದು ಹೇಳುತ್ತಿರಲಿಲ್ಲ. ಬೇರೆಯವರ ವಸ್ತುವನ್ನು ಇಟ್ಟುಕೊಂಡು, ಅದರ ಸೀಳುಗಳನ್ನು ತುಂಬಿ, ಅದನ್ನು ತನ್ನ ಕೈಗೆ ತಕ್ಕಂತೆ ತಿದ್ದಿಕೊಂಡದ್ದು ತಪ್ಪು. ಕಾರ್ಖಾನೆಯ ಮಾಲೀಕ ಮಾಡಿದರೆ ತಪ್ಪಾಗುವುದು ಅಪ್ಪ ಮಾಡಿದರೆ ಸರಿಯಾಗುವುದಿಲ್ಲ. ನೀನು ಅವನ ಮೇಲೆ ಸಿಟ್ಟಾಗಿದ್ದರೆ ಅದಕ್ಕೆ ಕಾರಣವಿದೆ ಎಂದು ಒಪ್ಪುತ್ತೇನೆ.

ಕಳೆದ ಶುಕ್ರವಾರ ಸಂಘದಲ್ಲಿ ವಿಷಯ ತಿಳಿಸಿದೆ. ಈ ಸಲ ಭಾಷಣ ಮಾಡಲಿಲ್ಲ. ಕೊಡುತ್ತೇನೆಂದ ವಸ್ತು ನನ್ನದಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಿ ಕೂತೆ. ಹಿಂದಿನ ಸಾಲಿನಿಂದ ಒಬ್ಬರು, ಹದಿಮೂರು ವರ್ಷ ಯಾರೂ ಕೇಳದ ವಸ್ತು ಯಾರದ್ದಾದರೇನು, ಮಾರೋಣ ಎಂದರು. ಕೆಲವರು ತಲೆಯಾಡಿಸಿದರು. ಮೊಳೆಯಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಮ್ಮದಲ್ಲದ್ದನ್ನ ದೊಡ್ಡ ಮನಸ್ಸಿಂದ ಕೊಡೋದನ್ನ ನಮ್ಮ ಮಾಲೀಕರೂ ಮಾಡ್ತಾರಪ್ಪ. ಅದಕ್ಕೆ ಸಂಘ ಯಾಕೆ ಬೇಕಿತ್ತು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇಷ್ಟು ವರ್ಷ ನಿಮ್ಮಮ್ಮ ಒಂದ್ಸಲನೂ ಕೇಳ್ಲೇ ಇಲ್ವೇನಮ್ಮ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿನಗೆ ಪತ್ರ ಬರೆದು ಒಪ್ಪಿಗೆ ಕೇಳಬೇಕು, ಒಪ್ಪಿಗೆ ಬಂದರೆ ಮಾತ್ರ ಮಾರಬೇಕು ಎಂದು ತೀರ್ಮಾನವಾಯಿತು. ಪತ್ರ ಬರೆಯುವ ಹೊಣೆ ನನ್ನದಾಯಿತು. ಈ ಪತ್ರ ಅದೇ.

ಆದ್ದರಿಂದ ಕೇಳುತ್ತಿದ್ದೇನೆ. ಮಾರಲು ಒಪ್ಪಿದರೆ ಈ ಶುಕ್ರವಾರದೊಳಗೆ ಮುದ್ರಣಾಲಯದ ವಿಳಾಸಕ್ಕೆ ಒಂದು ಟೆಲಿಗ್ರಾಂ ಕಳಿಸು, 'ಸರಿ' ಎಂಬ ಒಂದು ಮಾತು ಸಾಕು. ಹಣದಲ್ಲಿ ನಿನಗೆ ಎಷ್ಟು ಬೇಕೋ ಹೇಳು, ಉಳಿದದ್ದನ್ನು ಸಂಘ ಸಾಲವೆಂದೇ ಬರೆದುಕೊಳ್ಳುತ್ತದೆ. ಒಪ್ಪದಿದ್ದರೆ ರಿಪೇರಿಯವರು ಹುಲ್ಲು ತುಂಬಿದ ಮರದ ಪೆಟ್ಟಿಗೆ ಮಾಡಿಕೊಡುತ್ತಾರೆ, ರೈಲಿನ ಪಾರ್ಸೆಲ್ಲಿನಲ್ಲಿ ಕಳಿಸುತ್ತೇನೆ. ರಸೀದಿ ಅಂಚೆಯಲ್ಲಿ ಬರುತ್ತದೆ. ನೀನು ಇಲ್ಲಿಯವರೆಗೆ ಬರುವ ತೊಂದರೆ ತೆಗೆದುಕೊಳ್ಳಬೇಕಿಲ್ಲ. ಯಾವ ಉತ್ತರವೂ ಬರದಿದ್ದರೆ ಒಪ್ಪಿಗೆಯಿಲ್ಲ ಎಂದೇ ತಿಳಿಯುತ್ತೇನೆ.

ಬಿಡುವಿನ ಗಂಟೆ ಮುಗಿಯಿತು. ಮಡಿಸಲು ಮೂರು ಸಾವಿರ ಹಾಳೆ ಕಾಯುತ್ತಿವೆ.

ಇಂತು,
ನಿನ್ನ ಮಗಳು

ಮರೆತದ್ದು: ಬುಧವಾರ ಬೆಳಿಗ್ಗೆ. ಮರೆತದ್ದು ಎಂದು ಬರೆಯುವುದು ಪದ್ಧತಿ. ಮರೆತಿರಲಿಲ್ಲ. ನಿನ್ನೆ ಲಕೋಟೆ ಅಂಟಿಸಿ ಅಂಚೆ ಡಬ್ಬದವರೆಗೂ ಹೋಗಿ ವಾಪಸ್ಸು ಬಂದೆ. ಅಂಚು ಹರಿಯದ ಹಾಗೆ ಬಿಡಿಸುವುದು ನನಗೆ ಗೊತ್ತು.

ನೀನು ನುಡಿಸಿದ್ದು ನೆನಪಿದೆ. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಕೂತು, ಒಲೆಯ ಮೇಲಿನದು ಬೇಯುವವರೆಗೆ ನುಡಿಸುತ್ತಿದ್ದೆ. ಆ ಗೀರುಗಳು ಯಾರವು ಎಂದು ಹದಿನೇಳನೇ ವಯಸ್ಸಿನಲ್ಲೂ ಗೊತ್ತಿತ್ತು. ದಿನಾ ಕಾಣಬಾರದೆಂದೇ ಅವುಗಳ ಮೇಲೆ ಕಾಗದ ಅಂಟಿಸಿದೆ. ಮಾರುವ ಹಕ್ಕು ನನಗಿಲ್ಲ ಎಂದು ಕಳೆದ ವಾರ ಗೊತ್ತಾಯಿತು ಎಂದು ಮೇಲೆ ಬರೆದಿದ್ದೇನೆ, ಅದನ್ನು ಹೊಡೆದುಹಾಕು.

ನೀನು ಕೇಳಲು ಬಂದ ದಿನ ಅಪ್ಪ ಮನೆಯಲ್ಲಿರಲಿಲ್ಲ, ಎರಡನೇ ಪಾಳಿಗೆ ಹೋಗಿದ್ದ. ಬಾಗಿಲು ತೆಗೆದವಳು ನಾನು. ಅಪ್ಪ ಮಾರಿಬಿಟ್ಟ ಎಂದವಳೂ ನಾನು. ಅವನು ಹೇಳಿಕೊಟ್ಟದ್ದಲ್ಲ. ಒಳಗೆ ಬಂದು ನೋಡದೆ ನೀನು ನನ್ನ ತಲೆ ಸವರಿ ಹೋದೆ. ಅಪ್ಪ ಬಂದಾಗ, ಅಮ್ಮ ಬಂದಿದ್ದಳು, ಗಿಟಾರು ನಿನಗೇ ಇರಲಿ ಎಂದಳು ಎಂದು ಹೇಳಿದೆ. ಅವನು ಬಹಳ ಹೊತ್ತು ಕೈ ತೊಳೆಯುತ್ತಾ ನಿಂತಿದ್ದ. ಆ ಭಾನುವಾರವೇ ಅರ ತಂದು ಕೂತ. ನೀನು ಕೊಟ್ಟದ್ದೆಂದು ಸಾಯುವವರೆಗೂ ನಂಬಿದ್ದ. ಅವನ ಬಗ್ಗೆ ಮೇಲೆ ಬರೆದ ಅಭಿಪ್ರಾಯ ನನಗೆ ಸೇರಬೇಕಾದದ್ದು.

ಗಿಟಾರು ಕೊಟ್ಟುಬಿಟ್ಟರೆ ನಿನಗೆ ಮತ್ತೆ ಬರಲು ಕಾರಣ ಉಳಿಯುವುದಿಲ್ಲ ಎಂದುಕೊಂಡಿದ್ದೆ. ಮಾರಿದೆವು ಎಂದರೂ ಉಳಿಯುವುದಿಲ್ಲ ಎಂಬುದು ಹತ್ತು ವರ್ಷದವಳಿಗೆ ಹೊಳೆಯಲಿಲ್ಲ. ಹೊಳೆದಾಗ ನೀನು ಬೀದಿಯ ಕೊನೆ ದಾಟಿದ್ದೆ.

ಒಪ್ಪಿಗೆ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಟೆಲಿಗ್ರಾಂ ಕಳಿಸಬೇಡ. ಟ್ರೆಡಲ್ ಗುಜರಿಗೆ ಹೋಗುತ್ತದೆ, ಮೊಳೆಯಣ್ಣನಿಗೆ ಇವತ್ತು ಹೇಳುತ್ತೇನೆ. ಕರಪತ್ರಗಳನ್ನು ಕೈಯಲ್ಲೇ ಬರೆಯುತ್ತೇವೆ.

ಪಾರ್ಸೆಲ್ ಮಾಡುವುದಿಲ್ಲ. ಬಂದು ತೆಗೆದುಕೊಂಡು ಹೋಗು. ಮನೆ ಅದೇ. ಭಾನುವಾರಗಳಲ್ಲಿ ನಾನು ಎಲ್ಲಿಗೂ ಹೋಗುವುದಿಲ್ಲ. ಬಾಗಿಲು ನಾನೇ ತೆಗೆಯುತ್ತೇನೆ.